ಲಯನೆಲ್ ಮೊಂತೇರೊನ ಸೊನ್ನೆ

ಜೆಪ್ಪುವಿನ ಲಯನೆಲ್ ಮೊಂತೇರೊ ಮೀನು ಕೊಳ್ಳುವುದನ್ನು ಒಮ್ಮೆ ಕಂಡವರಿಗೆ ಅವನ ಸ್ವಭಾವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಬಂಗುಡೆಯ ಕಿವಿರೆತ್ತಿ ನೋಡುವುದು ಈ ಊರಿನಲ್ಲಿ ಎಲ್ಲರೂ ಮಾಡುವ ಕೆಲಸವೇ. ಲಯನೆಲ್ ಮಾತ್ರ ಬುಟ್ಟಿಯ ತಳದ ಮೀನನ್ನು ಮೊದಲು ಎಳೆದು ನೋಡುತ್ತಾನೆ, ಆಮೇಲೆ ಮೇಲಿನದನ್ನು, ಕಡೆಗೆ ಮಾರುವವಳ ಮುಖವನ್ನು. ಯಾವುದಾದರೊಂದು ಸರಿಕಾಣದಿದ್ದರೆ ಬರಿಗೈಯಲ್ಲಿ ಮನೆಗೆ ಬರುತ್ತಾನೆ. ಅಂಥ ಮಧ್ಯಾಹ್ನಗಳಲ್ಲಿ ಮೊಟ್ಟೆಯ ಸಾರು ಬಡಿಸುತ್ತ ಹೆಂಡತಿ ಜೂಲಿ ಮಗಳಿಗೆ ಕೇಳುವಂತೆ ಹೇಳುವುದುಂಟು: "ಸ್ವರ್ಗದ ಬಾಗಿಲಿಗೆ ಸಂತ ಪೇತ್ರನೇ ಬಂದು ಬೀಗ ತೆಗೆದರೂ ನಿನ್ನ ಪಪ್ಪ ಒಳಗೆ ಹೋಗುವುದಿಲ್ಲ. ಕೀ ಒರಿಜಿನಲ್ಲಾ ಡುಪ್ಲಿಕೇಟಾ ಅಂತ ಮೊದಲು ಕೇಳ್ತಾರೆ."

ಆದರೆ ಅವನು ಹಿಡಿದ ಕಸುಬಿನಲ್ಲಿ ಅನುಮಾನವೆಂಬುದು ದೋಷವಲ್ಲ, ಬಂಡವಾಳ. ಬಹರೈನಿನ ಹೋಟೆಲೊಂದರ ಔತಣದ ಸಭಾಂಗಣದಲ್ಲಿ ಸೌಂಡಿನ ಕೆಲಸಕ್ಕೆ ಸೇರಿದ ಪ್ರಾಯದಲ್ಲೇ ಅವನು ಇದನ್ನು ಕಲಿತ. ಒಳಗೆ ತುಂಡಾದ ವೈರು ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಸಡಿಲಾದ ಪಿನ್ನು ಪರೀಕ್ಷಿಸುವಾಗ ಸಾಧುವಾಗಿದ್ದು ಮದುಮಗಳು ಬಾಗಿಲಿಗೆ ಬಂದಾಗಲೇ ಕೈಕೊಡುತ್ತದೆ. ಆದ್ದರಿಂದ ಸದ್ದು ಕೆಟ್ಟರೆ ಎಲ್ಲವನ್ನೂ ಶಂಕಿಸಬೇಕು, ಒಂದೊಂದನ್ನೇ ಕಳಚಿ ನೋಡಬೇಕು. ಯಾವುದನ್ನು ಕಳಚಿದಾಗ ದೋಷ ನಿಲ್ಲುತ್ತದೋ ಅದೇ ಅಪರಾಧಿ. ಹೀಗೆಂದು ಕಲಿಸಿದವನು ಅಲ್ಲಿನ ಫಿಲಿಪಿನೋ ಮೇಸ್ತ್ರಿ. ಹೋಟೆಲಿಗೆ ಡಿಜಿಟಲ್ ಯಂತ್ರ ಬಂದಾಗ ಹಳೆಯ ಮಿಕ್ಸರನ್ನು ಲಯನೆಲ್ ಕೇಳಿ ಪಡೆದುಕೊಂಡು, ಕಂಬಳಿಗಳ ನಡುವೆ ಮಲಗಿಸಿ ಹಡಗಿನಲ್ಲಿ ಊರಿಗೆ ಕಳುಹಿಸಿದ. ಗಲ್ಫಿನಿಂದ ಮಿಕ್ಸರ್ ಬಂತೆಂಬ ಸುದ್ದಿ ಕೇಳಿ ಕಾಯಿ ಅರೆಯುವ ಯಂತ್ರವನ್ನು ನೋಡಲು ಬಂದ ನೆರೆಮನೆಯ ಹೆಂಗಸರು, ಮೈತುಂಬ ಗುಂಡಿಗಳಿರುವ ಮಂಚದಗಲದ ಪೆಟ್ಟಿಗೆಯನ್ನು ಕಂಡು ನಿರಾಶರಾಗಿ ಹಿಂದಿರುಗಿದರು.

ಆ ಪೆಟ್ಟಿಗೆಯಲ್ಲಿ ಒಂದೊಂದು ಸದ್ದು ಒಳಬರುವ ದಾರಿಯೇ ಒಂದೊಂದು ಚಾನೆಲು; ಪ್ರತಿಯೊಂದರ ಮೇಲ್ತುದಿಗೆ ಒಂದು ಗೇನ್ ಗುಂಡಿ. ಒಳಗೆ ಬಂದ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂದು ನಿಶ್ಚಯಿಸುವುದು ಅದು. ಕೆಳತುದಿಯಲ್ಲಿ ಮೇಲೆ ಕೆಳಗೆ ಜಾರುವ ಫೇಡರ್; ಹಿಗ್ಗಿದ್ದರಲ್ಲಿ ಎಷ್ಟನ್ನು ಹೊರಗೆ ಬಿಡಬೇಕೆಂಬುದು ಅದರ ಪಾಲಿನ ಕೆಲಸ. ನಡುವೆ ಒಂದು ಕೆಂಪು ದೀಪ. ಅದು ಹೊತ್ತಿದರೆ ಚಾನೆಲು ತಾಳಲಾರದೆ ಒದ್ದಾಡುತ್ತಿದೆ ಎಂದರ್ಥ. ಗೇನ್ ಗುಂಡಿಗಳನ್ನು ಮೇಸ್ತ್ರಿ ತನ್ನ ಕೈಯಾರೆ ಹೊಂದಿಸಿಕೊಟ್ಟಿದ್ದ. ಊರಿನಲ್ಲಿ ಯಾರ ಬೆರಳು ಬಿದ್ದು ಅವು ತಿರುಗಿಯಾವೋ ಎಂಬ ಶಂಕೆಯಿಂದ ಲಯನೆಲ್ ಅವುಗಳಿಗೆಲ್ಲ ಕಪ್ಪು ಇನ್ಸುಲೇಶನ್ ಟೇಪು ಸುತ್ತಿಬಿಟ್ಟ. ಅಂದಿನಿಂದ ಅವು ಅಲುಗಿದ್ದಿಲ್ಲ.

ಊರಿಗೆ ಮರಳಿದ ಮೇಲೆ ಅವನ ಸಂಪಾದನೆಯ ದೊಡ್ಡ ಭಾಗ ಬಂದದ್ದು ರೋಸಿನಿಂದ. ಮದುವೆಯ ಹಿಂದಿನ ದಿನ ಹೊತ್ತು ಇಳಿಯುವಾಗ ಮದುಮಗಳನ್ನು ಕೂರಿಸಿ, ಹಣೆಗೆ ಎಣ್ಣೆಯ ಶಿಲುಬೆ ಬರೆದು, ತಲೆಯ ಮೇಲೆ ತೆಂಗಿನ ಹಾಲು ಎರೆಯುವ ಆ ಶಾಸ್ತ್ರಕ್ಕೆ ಹೆಂಗಸರು ಹಾಡುವ ವೊವಿಯೊಗಳೇ ಜೀವ. ಹಾಡಿಗೆ ಹಿಮ್ಮೇಳವಾಗಿ ಹಿಂದೆಲ್ಲ ಬ್ಯಾಂಡಿನವರು ಬರುತ್ತಿದ್ದರು. ಈಗ ಆ ಜಾಗದಲ್ಲಿ ಇಮ್ತಿಯಾಝನ ಲ್ಯಾಪ್‌ಟಾಪು ಕೂತಿದೆ. ಇಮ್ತಿಯಾಝ್ ಉಳ್ಳಾಲದ ಬ್ಯಾರಿ; ಅಣ್ಣಂದಿರು ಬಂದರಿನಲ್ಲಿ ಬಟ್ಟೆಯ ವ್ಯಾಪಾರ ನಡೆಸುತ್ತಿದ್ದರೆ ಇವನು ಮನೆಯ ಹಿಂಬದಿಯ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುತ್ತಾನೆ. ಯಾವ ವೊವಿಯೊದಲ್ಲಿ ಅಜ್ಜಿಯರು ಎಲ್ಲಿ ಉಸಿರೆಳೆಯುತ್ತಾರೆಂಬುದು ಅಜ್ಜಿಯರ ಮೊಮ್ಮಕ್ಕಳಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಕೆಲಸದ ಹೊತ್ತಿನಲ್ಲಿ ಅವನು ಲಯನೆಲನನ್ನು ಅಂಕಲ್ ಎನ್ನುತ್ತಾನೆ. ತಮಾಷೆಗೆ ಇಳಿದಾಗ, ಕೊಂಕಣಿ ಕ್ರೈಸ್ತರನ್ನು ತುಳುವರು ಕರೆಯುವಂತೆ, ಪೊರ್ಬುಗಳೇ ಎನ್ನುತ್ತಾನೆ. ಸಭಾಂಗಣದ ಮೂಲೆಯಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ವರ್ಷಗಳೇ ಕಳೆದಿದ್ದವು.

ಮಗಳು ಟಾನ್ಯಾಳ ಮದುವೆ ನಿಶ್ಚಯವಾದಾಗ ತೊಡಕು ಎದುರಾಯಿತು. ಮಗಳ ರೋಸಿಗೆ ತಂದೆ ಮಿಕ್ಸರಿನ ಹಿಂದೆ ಕೂರುವಂತಿಲ್ಲ. ತಾಯಿತಂದೆಯರೇ ಮೊದಲು ಎಣ್ಣೆ ಹಚ್ಚಿ ಹಾಲು ಎರೆಯಬೇಕು. ಹಾಗಾದರೆ ಆ ಸಂಜೆ ಮಿಕ್ಸರನ್ನು ಯಾರ ಕೈಗೆ ಕೊಡುವುದು? ಈ ತನಕ ಲಯನೆಲ್ ಅದನ್ನು ಯಾರ ಕೈಗೂ ಕೊಟ್ಟದ್ದಿಲ್ಲ. ಕೊಡುವುದಿದ್ದರೆ ಇಮ್ತಿಯಾಝನಿಗೆ ಎಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿತ್ತು.

ಅದೇ ದಿನಗಳಲ್ಲಿ ಇಮ್ತಿಯಾಝ್ ಫೋನ್ ಮಾಡಿದ.

"ಲ್ಯಾಪ್‌ಟಾಪಿಗೆ ಹಚ್ಚುವ ಹೊಸ ಡಬ್ಬಿ ತಂದಿದ್ದೇನೆ ಅಂಕಲ್. ಇನ್ನು ಹೆಡ್‌ಫೋನ್ ತೂತಿನಿಂದ ವೈರು ಎಳೆಯುವ ಕರ್ಮ ಇಲ್ಲ. ಪಿಟೀಲು ಬೇರೆ, ಕಾರ್ನೆಟ್ ಬೇರೆ, ಡ್ರಮ್ ಬೇರೆ, ಒಂದೊಂದು ನಿಮ್ಮ ಒಂದೊಂದು ಚಾನೆಲಿಗೆ. ಲೆವೆಲ್ ಎಷ್ಟರಲ್ಲಿ ಇಡಬೇಕು?"

"ಎಲ್ಲ ಸೊನ್ನೆಯಲ್ಲಿ ಇಡು. ಉಳಿದದ್ದು ನಾನು ನೋಡ್ತೇನೆ."

"ಎಲ್ಲವೂ ಸೊನ್ನೆಯಲ್ಲಾ?"

"ಎಷ್ಟು ಸಲ ಹೇಳುವುದು ಮಾರಾಯ? ಸೊನ್ನೆ ಅಂದ್ರೆ ಸೊನ್ನೆ."

ಹೊಸ ಡಬ್ಬಿಯ ಮೊದಲ ರೋಸಿನಲ್ಲೇ ಅನಾಹುತವಾಯಿತು. ಹೆಂಗಸರು ಮೊದಲ ಚರಣ ಎತ್ತಿಕೊಂಡರು, ಹಿಂದಿನಿಂದ ಕಾರ್ನೆಟ್ ಸೇರಿಕೊಂಡಿತು. ಸೇರಿಕೊಂಡದ್ದು ಕಾರ್ನೆಟ್ ಎಂದು ಗುರುತಿಸಲಾಗದಷ್ಟು ಅದು ಹರಿದುಹೋಗಿತ್ತು. ಪಿಟೀಲು ಗರಗಸವಾಗಿತ್ತು, ಡ್ರಮ್ಮಿನ ಪೆಟ್ಟು ತಗಡಿನ ಮೇಲೆ ಕಲ್ಲು ಬಿದ್ದಂತಿತ್ತು. ಮಿಕ್ಸರಿನ ಮೇಲೆ ಕೆಂಪು ದೀಪಗಳು ಸಾಲಾಗಿ ಉರಿದವು. ಲಯನೆಲ್ ಫೇಡರುಗಳನ್ನು ಕೆಳಗೆಳೆದ. ಸದ್ದು ಸಣ್ಣದಾಯಿತು; ಹರಕು ಹಾಗೆಯೇ ಉಳಿಯಿತು. ಮೊದಲು ಜೋರಾಗಿ ಕರಕರ ಎನ್ನುತ್ತಿದ್ದದ್ದು ಈಗ ಮೆಲ್ಲಗೆ ಕರಕರ ಎನ್ನತೊಡಗಿತು. ಮುಂದಿನ ಸಾಲಿನಿಂದ ಮದುಮಗಳ ದೊಡ್ಡಮ್ಮ ಕತ್ತು ತಿರುಗಿಸಿ ಕೂಗಿದರು:

"ಎಂತ ಲಯನೆಲ್, ಅಲ್ಲಿ ಬಂಗುಡೆ ಕಾಯಿಸ್ತಿದ್ದೀಯಾ? ನಮಗೂ ಎರಡು ತುಂಡು ಹಾಕು!"

ಸಭೆ ನಕ್ಕಿತು. ಲಯನೆಲ್ ಪಕ್ಕಕ್ಕೆ ತಿರುಗಿ ನೋಡಿದ. ಇಮ್ತಿಯಾಝ್ ಪರದೆಯ ಮೇಲೆ ಕಣ್ಣು ನೆಟ್ಟು, "ನನ್ನ ಕಡೆಯಿಂದ ಎಲ್ಲ ಸರಿ ಉಂಟಲ್ಲ ಅಂಕಲ್," ಎಂದ. ಆ ಮಾತಿನಲ್ಲಿದ್ದ ನೆಮ್ಮದಿ ಲಯನೆಲನಿಗೆ ಹಿಡಿಸಲಿಲ್ಲ.

ಮರುದಿನ ಅವನು ಮಿಕ್ಸರನ್ನು ಜಗಲಿಯಲ್ಲಿ ಹರಡಿಕೊಂಡು ವಿಚಾರಣೆಗೆ ಕುಳಿತ. ಮೈಕು ಹಚ್ಚಿ ಜೂಲಿಯನ್ನು ಮಾತಾಡಿಸಿದ, ಸ್ವಚ್ಛ. ಹಳೆಯ ಸಿಡಿ ಪ್ಲೇಯರ್ ಹಚ್ಚಿದ, ಸ್ವಚ್ಛ. ವೈರುಗಳನ್ನು ಅದಲುಬದಲು ಮಾಡಿದ, ಸ್ಪೀಕರುಗಳನ್ನು ಬದಲಿಸಿದ, ಎಲ್ಲವೂ ನಿರಪರಾಧಿಗಳು. ಉಳಿದದ್ದು ಆ ಜಗಲಿಯಲ್ಲಿ ಇಲ್ಲದ ಒಂದೇ ವಸ್ತು, ಇಮ್ತಿಯಾಝನ ಕಂಪ್ಯೂಟರು. ಇಲ್ಲಿಯವರೆಗೆ ಮೇಸ್ತ್ರಿಯ ತರ್ಕ ಒಂದಿಷ್ಟೂ ದಾರಿ ತಪ್ಪಿರಲಿಲ್ಲ. ಆದರೆ ಕಂಪ್ಯೂಟರಿನ ಹಿಂದೆ ಒಬ್ಬ ಮನುಷ್ಯನಿದ್ದ, ಮತ್ತು ಲಯನೆಲ್ ವೈರಿನ ನ್ಯಾಯವನ್ನು ಆ ಮನುಷ್ಯನಿಗೂ ಅನ್ವಯಿಸಿದ.

ಅನುಮಾನಕ್ಕೆ ಗೊಬ್ಬರ ಹಾಕಿದವನು ಮೊರಿಸ್. ಒಂದು ಕಾಲದ ಬ್ಯಾಂಡಿನ ಕಾರ್ನೆಟ್ ವಾದಕ. ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುತ್ತಿದ್ದಾಗ ಅವನು ಲಯನೆಲನ ತೋಳು ಹಿಡಿದು ಬದಿಗೆ ಸರಿಸಿದ.

"ನಿನ್ನ ಬ್ಯಾರಿ ಎಲ್ಲಿ ತಿರುಗ್ತಾನೆ, ಗೊತ್ತುಂಟಾ?"

"ಎಲ್ಲಿ?"

"ಸೌಂಡಿನವ ಲ್ಯಾನ್ಸಿ ಇದ್ದಾನಲ್ಲ, ನಂತೂರಿನ ಹತ್ತಿರ ಅವನ ಗಾಡಿಯಲ್ಲಿ ಕೂತಿದ್ದ. ಇಬ್ಬರೂ ಚಾ ಕುಡಿಯುತ್ತ ನಗಾಡ್ತಿದ್ರು. ಲ್ಯಾನ್ಸಿ ಹೊಸ ಡಿಜಿಟಲ್ ಮಿಕ್ಸರ್ ತಂದಿದ್ದಾನೆ, ಅದಕ್ಕೆ ಜನ ಬೇಕಲ್ಲ. ನಾನು ಹೇಳಿದೆ ಅಂತ ಹೇಳ್ಬೇಡ, ಆಯ್ತಾ?"

ತನ್ನ ಕಾರ್ನೆಟ್ಟಿನ ಕೆಲಸವನ್ನು ಕಸಿದುಕೊಂಡ ಹುಡುಗನ ಬಗ್ಗೆ ಮೊರಿಸ್ ಹೇಳುವ ಮಾತನ್ನು ಎಷ್ಟು ನಂಬಬಹುದೆಂದು ಯೋಚಿಸಬೇಕಾಗಿತ್ತು. ಬುಟ್ಟಿಯ ತಳದ ಮೀನನ್ನು ಎಳೆದು ನೋಡುವವನು ಇಲ್ಲಿ ಮೇಲಿನದನ್ನೂ ಮೂಸಲಿಲ್ಲ. ನಾವು ಮೊದಲೇ ಊಹಿಸಿದ್ದನ್ನು ಹೇಳುವವನು ಯಾವಾಗಲೂ ಸತ್ಯವಂತನಾಗಿ ಕಾಣುತ್ತಾನೆ.

ಅಲ್ಲಿಂದ ಮುಂದೆ ಎಲ್ಲಕ್ಕೂ ಅರ್ಥ ಹುಟ್ಟಿತು. ಇಮ್ತಿಯಾಝ್ ಫೋನ್ ಎತ್ತದಿದ್ದರೆ ಲ್ಯಾನ್ಸಿಯ ಬಳಿ ಇದ್ದಾನೆ. ಒಂದೇ ಸಲಕ್ಕೆ ಎತ್ತಿದರೆ ಶಂಕೆ ಬಾರದಿರಲೆಂದು ಎತ್ತಿದ್ದಾನೆ. "ಮಿಕ್ಸರ್ ಒಮ್ಮೆ ಚೆಕ್ ಮಾಡಿಸಿ ಅಂಕಲ್" ಎಂದು ಅವನು ಕಾಳಜಿಯಿಂದ ಹೇಳಿದ್ದು ಲಯನೆಲನ ಕಿವಿಯಲ್ಲಿ, ಅದನ್ನು ಗುಜರಿಗೆ ಹಾಕಿ ಎಂಬಂತೆ ಕೇಳಿಸಿತು. ಹುನ್ನಾರ ಸ್ಪಷ್ಟವಾಗಿತ್ತು: ಹಾಡುಗಳನ್ನು ಒಳಗಿನಿಂದಲೇ ಹಾಳುಮಾಡಿ ಕೊಡುವುದು, ಮುದುಕನ ಯಂತ್ರ ಸತ್ತಿತು, ಕಿವಿಯೂ ಹೋಯಿತು ಎಂದು ಊರಿನ ಬಾಯಲ್ಲಿ ಹೇಳಿಸುವುದು, ಆಮೇಲೆ ಲ್ಯಾನ್ಸಿಯ ಜೊತೆ ಸೇರುವುದು. ಇಂಥವನ ಕೈಗೆ ಟಾನ್ಯಾಳ ರೋಸಿನ ದಿನ ಮಿಕ್ಸರನ್ನು ಹೇಗೆ ಕೊಡುವುದು?

"ನಾನೇ ಕೂರ್ತೇನೆ," ಎಂದ ಊಟದ ಹೊತ್ತಿನಲ್ಲಿ.

ಜೂಲಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಎಲ್ಲಿ?"

"ಮಿಕ್ಸರಿನಲ್ಲಿ."

"ಹಾಗಾದರೆ ಮಗಳಿಗೆ ರೋಸ್ ಯಾರು ಹಾಕುವುದು? ಸ್ಪೀಕರಾ?"

ಟಾನ್ಯಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳು ನಗುತ್ತಾಳೆಂದು ಕಾದಿದ್ದ ಲಯನೆಲ್ ಅವಳ ಬೆನ್ನನ್ನೇ ನೋಡುತ್ತ ಕುಳಿತ.

ಮರುದಿನ ಬೆಳಗ್ಗೆ ಅವನು ಮುನ್ಸೂಚನೆ ಕೊಡದೆ ಸ್ಕೂಟರಿನಲ್ಲಿ ಸೇತುವೆ ದಾಟಿ ಉಳ್ಳಾಲಕ್ಕೆ ಹೋದ. ಫೋನ್ ಮಾಡಿ ಹೋದರೆ ಕಾಣಬೇಕಾದದ್ದು ಕಾಣುವುದಿಲ್ಲ. ಬಾಗಿಲು ತೆಗೆದ ಇಮ್ತಿಯಾಝನ ಹೆಂಡತಿ ರಾಹಿಲಾ, "ಬನ್ನಿ ಅಂಕಲ್, ಎಂತ ಸುದ್ದಿ ಇಲ್ಲದೆ? ಮದುವೆ ಕಾಗದ ಕೊಡ್ಲಿಕ್ಕಾ?" ಎಂದು ಸೆರಗು ಸರಿಪಡಿಸಿಕೊಂಡಳು. ಕರೆಯೋಲೆಗಳು ಮನೆಯ ಕಪಾಟಿನಲ್ಲೇ ಇದ್ದವು.

ಹಿಂಬದಿಯ ಕೋಣೆಯಲ್ಲಿ ಇಮ್ತಿಯಾಝ್ ಪರದೆಯ ಮುಂದಿದ್ದ. ಮೂಲೆಯಲ್ಲಿ ಸುತ್ತಿಟ್ಟ ಹೊಸ ವೈರುಗಳ ಮೇಲೆ ಲ್ಯಾನ್ಸಿಯ ಹೆಸರಿನ ಹಳದಿ ಚೀಟಿಗಳು. ಲಯನೆಲ್ ಕೂರಲಿಲ್ಲ.

"ಈ ವೈರು ಯಾರದ್ದು?"

"ಲ್ಯಾನ್ಸಿಯದ್ದು. ಕೂತುಕೊಳ್ಳಿ ಅಂಕಲ್."

"ಹಾಗಾದ್ರೆ ಕೇಳಿದ್ದು ಸುಳ್ಳಲ್ಲ."

"ಎಂತ ಕೇಳಿದ್ದು? ಮೊರಿಸ್ ಬಾಯಲ್ಲಾ?" ಇಮ್ತಿಯಾಝ್ ನಕ್ಕ. "ನಂತೂರಿನಲ್ಲಿ ನಮಗೆ ಕೈ ಬೀಸಿ ಹೋದ್ರು. ಆಗಲೇ ಅಂದುಕೊಂಡೆ, ಇನ್ನು ಜೆಪ್ಪುವಿಗೆ ಪೇಪರ್ ಬೇಡ ಅಂತ."

"ನಗಾಡ್ಬೇಡ. ಹಾಡನ್ನು ಬೇಕಂತಲೇ ಒಡೆದು ಕೊಡ್ತಿದ್ದೀಯಾ ಇಲ್ವಾ? ಅಷ್ಟು ಹೇಳು."

ಇಮ್ತಿಯಾಝನ ನಗು ಮುಖದಲ್ಲೇ ಒಣಗಿತು. "ಆ ಕಾರ್ನೆಟ್ ಮೊರಿಸ್ ಊದಿದ ಹಾಗೆ ಕೇಳ್ಬೇಕು ಅಂತ ನಾನು ಎಷ್ಟು ಒದ್ದಾಡಿದ್ದೇನೆ ಗೊತ್ತುಂಟಾ? ಒಡೆಯುವುದಾ? ನಾನಾ? ನೀವು ಹೇಳಿದ ಹಾಗೆಯೇ ಮಾಡಿದ್ದೇನೆ. ಬನ್ನಿ, ನೀವೇ ನೋಡಿ."

ಹಾಡು ಹಚ್ಚಿದ. ಅವನ ಪುಟ್ಟ ಸ್ಪೀಕರುಗಳಲ್ಲಿ ಕಾರ್ನೆಟ್ ಬೆಳಗಿನ ಗಾಳಿಯಷ್ಟು ನಿರ್ಮಲವಾಗಿ ಹರಿಯಿತು. ಲಯನೆಲ್ ಇದಕ್ಕೆ ಸಿದ್ಧನಾಗಿರಲಿಲ್ಲ. ಅವನು ಬಗ್ಗಿ ಪರದೆಯನ್ನು ನೋಡಿದ. ಒಂದೊಂದು ವಾದ್ಯಕ್ಕೂ ಒಂದೊಂದು ಹಸಿರು ಕಂಬ. ಎಲ್ಲ ಕಂಬಗಳೂ ಚೌಕಟ್ಟಿನ ಮೇಲಂಚಿಗೆ ತಲೆ ತಾಗಿಸಿಕೊಂಡು ಕುಣಿಯುತ್ತಿದ್ದವು.

"ಇದೆಂತ ಇದು, ಎಲ್ಲ ಮಾಡಿಗೆ ಮುಟ್ಟಿದೆ? ನಾನು ಸೊನ್ನೆಯಲ್ಲಿ ಇಡು ಅಂದದ್ದಲ್ಲವಾ?"

"ಸೊನ್ನೆಯಲ್ಲೇ ಉಂಟಲ್ಲ."

"ಸೊನ್ನೆ ಎಲ್ಲಿ? ತೋರಿಸು."

ಇಮ್ತಿಯಾಝ್ ಕಂಬಗಳ ತುತ್ತತುದಿಗೆ ಬೆರಳಿಟ್ಟ. ಅಲ್ಲಿ ಸೊನ್ನೆ ಎಂದೇ ಬರೆದಿತ್ತು. ಅದರ ಕೆಳಗಿನ ಅಂಕಿಗಳೆಲ್ಲ ಇಳಿಮುಖ. ಮೇಲೆ ಏನೂ ಇಲ್ಲ.

ಲಯನೆಲ್ ಕುರ್ಚಿ ಎಳೆದುಕೊಂಡು ಕುಳಿತ. ಅವನ ಮಿಕ್ಸರಿನಲ್ಲಿ ಸೊನ್ನೆಯೆಂದರೆ ನಡುಮನೆ. ಸದ್ದು ಅಲ್ಲಿ ಕಾಲು ಚಾಚಿ ಕೂರುತ್ತದೆ. ಯಾರಾದರೂ ಹಾಡುವಾಗ ಹುರುಪಿನಿಂದ ಸ್ವರ ಏರಿಸಿದರೆ ಏರಲು ಮೇಲೆ ಇನ್ನೂ ಅಟ್ಟವಿದೆ. ಕಂಪ್ಯೂಟರಿನಲ್ಲಿ ಸೊನ್ನೆಯೆಂದರೆ ಮಾಡು, ಛಾವಣಿ. ಆಚೆಗೆ ಆಕಾಶವೂ ಇಲ್ಲ. ಸೊನ್ನೆಯಲ್ಲಿಡು ಎಂದವನ ಮನಸ್ಸಿನಲ್ಲಿ ಒಂದು ಜಾಗ, ಕೇಳಿದವನ ಕಣ್ಣೆದುರು ಇನ್ನೊಂದು. ಇಮ್ತಿಯಾಝ್ ವಿಧೇಯನಾಗಿ ಒಂದೊಂದು ವಾದ್ಯವನ್ನೂ ತುದಿಯವರೆಗೆ ಎತ್ತಿ ನಿಲ್ಲಿಸಿದ್ದ. ಬಲವಾದ ಹೊಸ ಡಬ್ಬಿ ಅದನ್ನು ಹಾಗೆಯೇ ಮಿಕ್ಸರಿಗೆ ತಳ್ಳಿತ್ತು. ಹೆಡ್‌ಫೋನ್ ತೂತಿನ ಬಡಕಲು ಸದ್ದಿಗೆ ಹೊಂದುತ್ತಿದ್ದ ಗೇನ್ ಗುಂಡಿಗಳು ಟೇಪಿನ ಕೆಳಗೆ ಇದ್ದಲ್ಲೇ ಇದ್ದು, ಬಂದದ್ದನ್ನು ಇನ್ನಷ್ಟು ಹಿಗ್ಗಿಸಿದ್ದವು. ಸದ್ದು ಚಾನೆಲಿನ ಬಾಗಿಲಲ್ಲೇ ಹರಿದಿತ್ತು. ಹರಿದ ಮೇಲೆ ಫೇಡರ್ ಎಷ್ಟು ಎಳೆದರೇನು?

"ನಿಮ್ಮ ಸೊನ್ನೆ ಬೇರೆಯಾ?" ಎಂದು ಇಮ್ತಿಯಾಝ್ ಕೇಳಿದ, ಅವನಿಗೂ ಈಗಷ್ಟೇ ಹೊಳೆದಂತೆ.

"ಬೇರೆ."

"ಮೊದಲೇ ಹೇಳ್ಬೇಕಲ್ಲ ಪೊರ್ಬುಗಳೇ! ನಾನು ಎರಡು ಸಲ ಕೇಳಿದೆ. ನೀವು ಸೊನ್ನೆ ಅಂದ್ರೆ ಸೊನ್ನೆ ಅಂತ ಬೈದ್ರಿ."

ರಾಹಿಲಾ ತಂದಿಟ್ಟ ಚಹಾ ಆರಿತು. ದೋಷ ಸಿಕ್ಕಿತ್ತು, ಸಾಮಾನ್ಯವಾಗಿ ಆ ಕ್ಷಣದಲ್ಲಿ ಲಯನೆಲನಿಗೆ ಹಿತವೆನಿಸುತ್ತಿತ್ತು. ಈಗ ಅವನ ಕಣ್ಣು ಮತ್ತೆ ಮೂಲೆಯ ಹಳದಿ ಚೀಟಿಗಳತ್ತ ಹೋಯಿತು.

"ಮತ್ತೆ ಇದು?"

ಇಮ್ತಿಯಾಝ್ ಹಾಡನ್ನು ನಿಲ್ಲಿಸಿದ. "ಅದು ನಿಜ. ಟಾನ್ಯಾಳ ಮದುವೆ ಆದ ಮೇಲೆ ಲ್ಯಾನ್ಸಿಯ ಜೊತೆ ಹೋಗ್ತೇನೆ. ಅವನಿಗೆ ಕೇರಳದ ಕಡೆ ದೊಡ್ಡ ಕೆಲಸಗಳುಂಟು. ನಿಮಗೆ ಹೇಳ್ಬೇಕು ಅಂತಿದ್ದೆ. ಮುಖ ನೋಡಿದಾಗ ಬಾಯಿ ಬರಲಿಲ್ಲ."

"ಇಷ್ಟು ದಿನ ಮುಚ್ಚಿಟ್ಟೆ."

"ಮುಚ್ಚಿಟ್ಟೆ. ಆದರೆ ಹಾಡು ಒಡೆಯಲಿಲ್ಲ. ಎರಡನ್ನೂ ಒಂದೇ ವೈರಿಗೆ ಕಟ್ಬೇಡಿ ಅಂಕಲ್."

ಹಿಂತಿರುಗುವಾಗ ಸೇತುವೆಯ ಮೇಲೆ ಲಾರಿಗಳ ಹಿಂದೆ ತೆವಳುತ್ತ ಲಯನೆಲ್ ಆ ಮಾತನ್ನು ಅಗಿಯುತ್ತಲೇ ಬಂದ. ಅನುಮಾನ ಸುಳ್ಳಾಗಿದ್ದರೆ ಕ್ಷಮೆ ಕೇಳಿ ಮುಗಿಸಬಹುದಿತ್ತು. ನಿಜವಾಗಿದ್ದರೆ ಸಿಟ್ಟಿನಿಂದ ಮುಗಿಸಬಹುದಿತ್ತು. ಅರ್ಧ ನಿಜವಾದ ಅನುಮಾನವನ್ನು ಎಲ್ಲಿಡುವುದು? ಬಿಟ್ಟುಹೋಗುವವನು ಕೊನೆಯ ದಿನ ಶ್ರದ್ಧೆಯಿಂದ ಕೂರುತ್ತಾನೆಯೇ? ತಾನು ಮುದುಕನ ಹಳೆಯ ಪೆಟ್ಟಿಗೆಗಿಂತ ಮೇಲೆಂದು ತೋರಿಸಲು ಏನಾದರೂ ಮಾಡಿದರೆ? ಮನೆ ಸೇರುವ ಹೊತ್ತಿಗೆ ಅವನಿಗೆ ಕಸುಬಿನದೇ ಒಂದು ಮಾತು ನೆನಪಾಯಿತು: ಭಯಪಡಬೇಕಾದದ್ದು ಎಲ್ಲಿ ತುಂಡಾಗಿದೆಯೆಂದು ಗೊತ್ತಿಲ್ಲದ ವೈರಿಗೆ. ಇಮ್ತಿಯಾಝ್ ಎಲ್ಲಿ ತುಂಡಾಗಿದ್ದಾನೆಂದು ಅವನೇ ಬೆರಳಿಟ್ಟು ತೋರಿಸಿದ್ದ. ಇಲ್ಲವೆನ್ನಬಹುದಾಗಿದ್ದ ಹೊತ್ತಿನಲ್ಲಿ ಹೌದೆಂದಿದ್ದ.

ಲಯನೆಲ್ ಕಪಾಟಿನಿಂದ ಕರೆಯೋಲೆಯೊಂದನ್ನು ತೆಗೆದು ಜೂಲಿಯ ಕೈಗೆ ಕೊಟ್ಟ. "ಉಳ್ಳಾಲಕ್ಕೆ ನಾಳೆ ನಾವಿಬ್ಬರೂ ಹೋಗುವ. ರಾಹಿಲಾಳ ಹೆಸರು ಮೊದಲು ಬರಿ." ಆಮೇಲೆ ಜಗಲಿಗೆ ಹೋಗಿ ಗೇನ್ ಗುಂಡಿಗಳ ಟೇಪನ್ನು ಉಗುರಿನಿಂದ ಎಬ್ಬಿಸತೊಡಗಿದ. ವರ್ಷಗಳ ಅಂಟು ಕರಗಿ ಮೇಣವಾಗಿತ್ತು, ಬೆರಳೆಲ್ಲ ಕಪ್ಪಾಯಿತು. ಕರೆಯೋಲೆ ಕೊಟ್ಟುಬಂದ ಮರುದಿನ ಸಂಜೆ ಇಮ್ತಿಯಾಝ್ ಬಂದು ಕಂಪ್ಯೂಟರಿನಲ್ಲಿ ಕಂಬಗಳನ್ನು ತಗ್ಗಿಸಿದ, ಲಯನೆಲ್ ಮೊದಲ ಬಾರಿಗೆ ಗೇನ್ ಗುಂಡಿಗಳನ್ನು ತಿರುಗಿಸಿದ. ದೀಪಗಳು ತೆಪ್ಪಗಾದವು. ಇಬ್ಬರೂ ಲ್ಯಾನ್ಸಿಯ ಸುದ್ದಿ ಎತ್ತಲಿಲ್ಲ.

ರೋಸಿನ ದಿನ ಲಯನೆಲ್ ಕೋಟು ತೊಟ್ಟು ಅಂಗಳದ ಚಪ್ಪರದಲ್ಲಿ ಮಗಳ ಪಕ್ಕದಲ್ಲಿ ನಿಂತ. ಮಿಕ್ಸರಿನ ಹಿಂದೆ ಇಮ್ತಿಯಾಝ್. ಹೆಂಗಸರು ಹಾಡಿನಲ್ಲಿ ಶಿಲುಬೆಯ ಗುರುತು ಮಾಡಿ ಮೊದಲ ವೊವಿಯೊ ಎತ್ತಿಕೊಂಡರು. ಲಯನೆಲನ ಕೈ ಎಣ್ಣೆಯ ಬಟ್ಟಲಲ್ಲಿತ್ತು, ಕಿವಿ ಎಡಬದಿಯ ಸ್ಪೀಕರಿನಲ್ಲಿ. ಪಿಟೀಲು ಬಂತು; ಸರಿ ಇತ್ತು. ಡ್ರಮ್ ಬಂತು, ಸರಿ ಇತ್ತು. ಇಷ್ಟೊಂದು ಸರಿಯಾಗಿರುವುದು ಅವನಿಗೆ ಸರಿಕಾಣಲಿಲ್ಲ. ಕತ್ತು ಹಿಂದಕ್ಕೆ ತಿರುಗಿತು.

"ಪಪ್ಪಾ," ಟಾನ್ಯಾ ತುಟಿಯಲ್ಲೇ ಹೇಳಿದಳು, "ಅಲ್ಲಿ ಎಂತ ನೋಡ್ತೀರಿ? ಮದುಮಗಳು ಇಲ್ಲಿ."

ಅವನು ನಾಚಿ, ಅವಳ ಹಣೆಗೆ ಶಿಲುಬೆ ಬರೆದ. ಜೂಲಿ ಹಾಲಿನ ತಂಬಿಗೆಯನ್ನು ಅವನ ಕೈಗಿತ್ತಳು. ಹಾಲು ಟಾನ್ಯಾಳ ಬೈತಲೆಯಿಂದ ಹಣೆಗೆ, ಹಣೆಯಿಂದ ಮುಚ್ಚಿದ ರೆಪ್ಪೆಗಳಿಗೆ ಇಳಿಯಿತು. ತಣ್ಣಗಾಯಿತೋ ಏನೋ, ಅವಳು ಸಣ್ಣ ಮಗುವಿನಂತೆ ಭುಜಗಳನ್ನು ಕುಗ್ಗಿಸಿ ನಕ್ಕಳು. ಲಯನೆಲ್ ತಂಬಿಗೆಯನ್ನು ಬಗ್ಗಿಸಿ ಹಿಡಿದು ಅವಳನ್ನೇ ನೋಡುತ್ತಿದ್ದ. ಹಾಲು ಮುಗಿದದ್ದೂ ತಿಳಿಯದೆ ಹಾಗೇ ಹಿಡಿದಿದ್ದ. ಜೂಲಿ ಮೊಣಕೈಯಿಂದ ತಿವಿದಾಗ ಬದಿಗೆ ಸರಿದು ಮುಂದಿನವರಿಗೆ ದಾರಿ ಬಿಟ್ಟ.

ಬಂಧುಗಳ ಸಾಲು ಮುಂದುವರಿಯುತ್ತಿದ್ದಂತೆ ಅವನು ಕೈಯೊರೆಸಿಕೊಳ್ಳುತ್ತ ಮಿಕ್ಸರಿನ ಬಳಿಗೆ ಬಂದ.

"ಕೆಂಪು ಬಂತಾ?"

"ಒಂದು ಸಲ ಬಂತು. ಕಾರ್ನೆಟ್ಟಿನಲ್ಲಿ. ಸ್ವಲ್ಪ ಕರಕರ ಅಂತು, ನಾನು ಇಳಿಸಿದೆ."

"ಯಾವಾಗ?"

"ನೀವು ರೋಸ್ ಹಾಕುವಾಗ."

ಲಯನೆಲ್ ಹುಬ್ಬು ಗಂಟಿಕ್ಕಿದ. "ನನಗೆ ಕೇಳಿಸಲಿಲ್ಲವಲ್ಲ."

"ಹೌದಾ? ನಿಮ್ಮ ಕಿವಿ ಆಗ ಮಗಳ ಹತ್ತಿರ ಇತ್ತೇನೋ." ಇಮ್ತಿಯಾಝ್ ಪರದೆಯಿಂದ ಕಣ್ಣೆತ್ತಲಿಲ್ಲ.

"ಸುಳ್ಳು ಹೇಳ್ತಿದ್ದೀಯಾ?"

"ಇರಬಹುದು ಪೊರ್ಬುಗಳೇ."

ಲಯನೆಲ್ ಬಗ್ಗಿ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಮುಖದಿಂದ ಏನೂ ತಿಳಿಯಲಿಲ್ಲ.